ರಜೆ, ದಾರಿ, ಬಾಗಿಲು: ಮುಂಬಯಿಯ ಕುಟುಂಬಗಳ ಅಲ್ಪವೆಚ್ಚದ ವಿಹಾರದ ಚರಿತ್ರೆಗೆ ಒಂದು ಪ್ರವೇಶ

ಮುಂಬಯಿಯ ಸಾಮಾಜಿಕ ಚರಿತ್ರೆಯನ್ನು ಬರೆದ ವಿದ್ವಾಂಸರು ಗಿರಣಿ, ಬಂದರು, ಚಾಳು, ಮುಷ್ಕರಗಳ ಬಗೆಗೆ ವಿಪುಲವಾಗಿ ಬರೆದಿದ್ದಾರೆ. ದುಡಿಯುವ ಮನುಷ್ಯ ದುಡಿಯದೆ ಇದ್ದ ಹೊತ್ತಿನಲ್ಲಿ ಏನು ಮಾಡಿದ ಎಂಬ ಪ್ರಶ್ನೆಗೂ ತಮಾಷಾ, ಸಿನಿಮಾ, ಕುಸ್ತಿಯ ಅಖಾಡ, ಭಜನಾಮಂಡಳಿಗಳ ಅಧ್ಯಯನದ ಮೂಲಕ ಒಂದಿಷ್ಟು ಉತ್ತರ ದೊರೆತಿದೆ. ಆದರೆ ಅದೇ ಮನುಷ್ಯ ಹೆಂಡತಿಯನ್ನೂ ಎಳೆಯ ಮಕ್ಕಳನ್ನೂ ಕರೆದುಕೊಂಡು, ಕೈಯಲ್ಲಿ ಹೆಚ್ಚು ಕಾಸಿಲ್ಲದೆ, ಒಂದು ಹಗಲನ್ನು ಮನೆಯ ಹೊರಗೆ ಹೇಗೆ ಕಳೆದ ಎಂಬುದು ಅಷ್ಟಾಗಿ ವಿಚಾರಕ್ಕೆ ಬಂದಿಲ್ಲ. ಇದಕ್ಕೆ ಆಕರಗಳ ಸ್ವರೂಪವೂ ಒಂದು ಕಾರಣವೆಂದು ತೋರುತ್ತದೆ. ಟಿಕೇಟು ಮಾರಿದ ಕಡೆ ಲೆಕ್ಕ ಉಳಿಯುತ್ತದೆ. ಕಡಲ ದಂಡೆಯ ಮರಳಿನಲ್ಲಿ ಕುಳಿತು ಎದ್ದುಹೋದವರ ಲೆಕ್ಕವನ್ನು ಯಾರೂ ಇಡುವುದಿಲ್ಲ. ನಾಟಕಶಾಲೆಗೆ ಜಾಹೀರಾತು ಇರುತ್ತದೆ, ವಿಮರ್ಶೆ ಇರುತ್ತದೆ. ತೋಟದ ಹುಲ್ಲಿನ ಮೇಲೆ ಬಿಚ್ಚಿದ ಬುತ್ತಿಗೆ ಅವು ಯಾವುವೂ ಇಲ್ಲ.

ಉಚಿತ ವಿಹಾರವೆಂಬುದು ಗಾಳಿ ಬೆಳಕುಗಳಂತೆ ತಾನಾಗಿ ಒದಗಿದ್ದಲ್ಲ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಅದು ಒದಗಬೇಕಾದರೆ ಮೂರು ಸಂಗತಿಗಳು ಏಕಕಾಲದಲ್ಲಿ ಕೂಡಬೇಕಾಗುತ್ತದೆ: ಮನೆಮಂದಿಗೆಲ್ಲ ಒಂದೇ ದಿನದ ಬಿಡುವು, ಎಟುಕುವ ಬೆಲೆಯ ದಾರಿ, ಕಾಸು ಕೇಳದ ಅಥವಾ ಕಡಿಮೆ ಕೇಳುವ ಬಾಗಿಲು. ಮುಂಬಯಿಯಲ್ಲಿ ಈ ಮೂರೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಒತ್ತಡಗಳಿಂದ ಉಂಟಾದವು. ಕಾನೂನು, ಹೋರಾಟ, ನಗರಸಭೆಯ ನಿರ್ಣಯಗಳಿಂದ ಬಂದ ಇವು ಅದೇ ಬಗೆಯ ನಿರ್ಣಯಗಳಿಂದ ಹಿಂದಕ್ಕೆ ಹೋಗಲೂ ಬಲ್ಲವು.

ಕನ್ನಡ ನಾಡಿನಿಂದ ಅಲ್ಲಿಗೆ ಹೋಗಿ ನೆಲೆಸಿದವರಿಗೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊರಡುವುದು ಹೊಸ ಸಂಗತಿಯೇನಾಗಿರಲಿಲ್ಲ. ಬೀದರ, ಕಲಬುರಗಿ, ವಿಜಯಪುರದ ಕಡೆ ಎಳ್ಳಮಾವಾಸ್ಯೆಯ ದಿನ ಸಜ್ಜೆಯ ರೊಟ್ಟಿ, ಹೋಳಿಗೆ, ಪಲ್ಯಗಳನ್ನು ಹೊತ್ತು ಗಾಡಿಯಲ್ಲಿ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಬೆಳೆಯ ನಡುವೆ ಕುಳಿತು ಉಣ್ಣುವ ವಾಡಿಕೆ ಇಂದಿಗೂ ಇದೆ. ಹಳೆಯ ಮೈಸೂರಿನ ಸೀಮೆಯಲ್ಲಿ ಕಾರ್ತಿಕ ಮಾಸದ ವನಭೋಜನ ನೆಲ್ಲಿಯ ಮರದ ಕೆಳಗೆ ನಡೆಯುತ್ತದೆ. ಎಲ್ಲ ಕಡೆಯೂ ಜಾತ್ರೆಗಳುಂಟು. ಈ ಹೊರಡುವಿಕೆಗಳ ದಿನವನ್ನು ಪಂಚಾಂಗ ಗೊತ್ತುಮಾಡಿರುತ್ತಿತ್ತು. ಗಾಡಿ ಮನೆಯದು, ಹೊಲವೂ ಮನೆಯದು. ಎಂದರೆ ರಜೆ, ದಾರಿ, ಬಾಗಿಲು ಎಂಬ ಮೂರು ಪ್ರಶ್ನೆಗಳೂ ಅಲ್ಲಿ ಮೊದಲೇ ಇತ್ಯರ್ಥವಾಗಿದ್ದವು. ಹೊಲವಿಲ್ಲದ ಕೂಲಿಯವನಿಗೂ ಗುಡಿಯ ಬಾಗಿಲಿನ ಹೊರಗೇ ನಿಲ್ಲಬೇಕಾಗಿದ್ದ ಜಾತಿಯವನಿಗೂ ಅವು ಇತ್ಯರ್ಥವಾಗಿರಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಹಳ್ಳಿಯ ನೆನಪನ್ನು ಬರೆಯುವವರು ಇದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಸೊಲ್ಲಾಪುರದಂತಹ ಊರು ಈ ವಿಷಯದಲ್ಲಿ ಹಳೆಯದಕ್ಕೂ ಹೊಸದಕ್ಕೂ ನಡುವಣದು. ಅಲ್ಲಿ ಗಿರಣಿಯ ಸಿಳ್ಳೂ ಇತ್ತು, ಹನ್ನೆರಡನೆಯ ಶತಮಾನದ ಶಿವಯೋಗಿ ಸಿದ್ಧರಾಮನ ಕೆರೆ, ಗುಡಿ ಮತ್ತು ಸಂಕ್ರಾಂತಿಯ ಹೊತ್ತಿಗೆ ನಂದಿಧ್ವಜಗಳ ಜಾತ್ರೆಯೂ ಊರ ನಡುವೆಯೇ ಇದ್ದವು. ಕನ್ನಡ, ಮರಾಠಿ, ತೆಲುಗು ಮಾತಾಡುವ ಕೆಲಸಗಾರರ ಮಕ್ಕಳಿಗೆ ಮನೆಯಿಂದ ನಡೆದೇ ತಲುಪಬಹುದಾದ ಒಂದು ಹಗಲಿನ ಸಂಭ್ರಮವನ್ನು ಅದು ಕೊಟ್ಟಿತು. ಮುಂಬಯಿಗೆ ಆ ಅನುಕೂಲವಿರಲಿಲ್ಲ. ಅಲ್ಲಿ ಎಲ್ಲವನ್ನೂ ಹೊಸದಾಗಿ ಕಟ್ಟಿಕೊಳ್ಳಬೇಕಾಯಿತು.

ಮೊದಲಿಗೆ ರಜೆಯ ಮಾತು. ಹತ್ತಿಯ ಗಿರಣಿಗಳು ಮುಂಬಯಿಯಲ್ಲಿ ೧೮೫೦ರ ದಶಕದ ನಡುವಿನಿಂದ ಏಳತೊಡಗಿದವು. ೧೮೮೧ರಲ್ಲಿ ಬಂದ ಮೊದಲ ಕಾರ್ಖಾನೆ ಕಾಯಿದೆ ವಯಸ್ಕರ ದುಡಿಮೆಯ ಬಗೆಗೆ ಮೌನವಾಗಿತ್ತು. ಅದು ಕೈಹಾಕಿದ್ದು ಮಕ್ಕಳ ದುಡಿಮೆಗೆ ಮಾತ್ರ. ಏಳು ವರ್ಷಕ್ಕಿಂತ ಕಿರಿಯರನ್ನು ಕೆಲಸಕ್ಕೆ ಇಟ್ಟುಕೊಳ್ಳಕೂಡದು, ಏಳರಿಂದ ಹನ್ನೆರಡರವರೆಗಿನವರಿಂದ ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಕೂಡದು, ಅವರಿಗೆ ತಿಂಗಳಿಗೆ ನಾಲ್ಕು ದಿನ ರಜೆ ಕೊಡಬೇಕು ಎಂಬುದು ಅದರ ಸಾರ. ಈ ಕಾಯಿದೆಯನ್ನು ಬಾಲದುಡಿಮೆಯ ಚರಿತ್ರೆಯಲ್ಲಿ ಓದುವುದು ವಾಡಿಕೆ. ಕುಟುಂಬದ ಚರಿತ್ರೆಯಲ್ಲಿಟ್ಟು ಓದಿದರೆ ಬೇರೊಂದು ಚಿತ್ರ ಕಾಣುತ್ತದೆ. ಗಿರಣಿಯಲ್ಲಿ ತಂದೆ, ತಾಯಿ, ಒಂಬತ್ತು ವರ್ಷದ ಮಗ ಮೂವರೂ ದುಡಿಯುತ್ತಿದ್ದ ಮನೆಯೊಂದನ್ನು ಊಹಿಸಿಕೊಳ್ಳೋಣ. ಕಾನೂನಿನ ಪ್ರಕಾರ ಮಗನಿಗೆ ತಿಂಗಳಿಗೆ ನಾಲ್ಕು ದಿನ ಬಿಡುವು. ತಂದೆಗೂ ಇಲ್ಲ, ತಾಯಿಗೂ ಇಲ್ಲ. ಹಬ್ಬಹುಣ್ಣಿಮೆಗಳಲ್ಲಿ ಗಿರಣಿ ಮುಚ್ಚುತ್ತಿದ್ದುದುಂಟು. ಆದರೆ ಅದು ಮಾಲೀಕನ ಇಚ್ಛೆಗೆ ಸೇರಿದ್ದು. ಎಂದರೆ ಹತ್ತು ವರ್ಷಗಳ ಕಾಲ ಈ ನಾಡಿನ ಕಾನೂನಿನಲ್ಲಿ ಮಗುವಿಗೆ ರಜೆಯಿತ್ತು, ಆ ದಿನ ಮಗುವಿನ ಕೈ ಹಿಡಿದು ಹೊರಗೆ ಕರೆದೊಯ್ಯಬೇಕಾದವರಿಗೆ ಇರಲಿಲ್ಲ.

ಈ ಸ್ಥಿತಿ ಬದಲಾಗಲು ಕಾರಣರಾದವರು ನಾರಾಯಣ ಮೇಘಾಜಿ ಲೋಖಂಡೆ. ಸತ್ಯಶೋಧಕ ಸಮಾಜದ ಕಾರ್ಯಕರ್ತರೂ ‘ದೀನಬಂಧು’ ಪತ್ರಿಕೆಯ ಸಂಪಾದಕರೂ ಆಗಿದ್ದ ಅವರು ೧೮೮೪ರಿಂದ ಗಿರಣಿಯ ಕೆಲಸಗಾರರನ್ನು ಸಂಘಟಿಸಿ ವಾರಕ್ಕೊಂದು ದಿನದ ರಜೆಯನ್ನು ಕೇಳುತ್ತ ಬಂದರು. ೧೮೯೦ರ ಏಪ್ರಿಲ್‌ ೨೪ರಂದು ನಡೆದ ಸಭೆಯಲ್ಲಿ ಹತ್ತು ಸಾವಿರದಷ್ಟು ಕೆಲಸಗಾರರು ಸೇರಿದ್ದರು. ಇಬ್ಬರು ಹೆಂಗಸರೂ ಅಲ್ಲಿ ಮಾತನಾಡಿದರೆಂಬುದು ದಾಖಲಾಗಿದೆ. ಅದೇ ವರ್ಷ ಜೂನ್‌ ೧೦ರಂದು ಗಿರಣಿ ಮಾಲೀಕರ ಸಂಘ ರವಿವಾರದ ರಜೆಗೆ ಒಪ್ಪಿತು. ಮರುವರ್ಷ, ೧೮೯೧ರ ಕಾಯಿದೆ ವಾರದ ರಜೆಯನ್ನು ಕಾನೂನಾಗಿಸಿತು. ರವಿವಾರವೇ ಏಕೆ ಎಂಬುದಕ್ಕೆ ಅದು ಖಂಡೋಬನ ವಾರವೆಂಬ ಸಮರ್ಥನೆಯೂ ಆಗ ಕೇಳಿಬಂದಿತ್ತೆಂದು ಹೇಳುತ್ತಾರೆ. ಮರಾಠಿಗರ ಖಂಡೋಬನೇ ಕನ್ನಡಿಗರ ಮೈಲಾರಲಿಂಗ. ಇಬ್ಬರ ಭಕ್ತರಿಗೂ ರವಿವಾರ ಮೊದಲಿನಿಂದಲೂ ವಿಶೇಷದ ದಿನ. ಕ್ರೈಸ್ತ ಆಳ್ವಿಕೆಯ ವಾರದ ರಜೆಯನ್ನು ಹೀಗೆ ತಮ್ಮ ದೇವರ ದಿನವನ್ನಾಗಿ ಮಾಡಿಕೊಂಡು ಕೇಳಿದ ಜಾಣ್ಮೆಯನ್ನು ಮೆಚ್ಚಬೇಕು.

ಗಿರಣಿಯ ರಜೆಯಿಂದ ಮುಂಬಯಿಯ ಕನ್ನಡಿಗರಲ್ಲಿ ಬಹುಮಂದಿಗೆ ನೇರವಾದ ಪ್ರಯೋಜನವೇನೂ ಆಗಲಿಲ್ಲ. ಗಿರಣಿಯ ಕೆಲಸಗಾರರಲ್ಲಿ ಕೊಂಕಣ ಮತ್ತು ದೇಶದ ಕಡೆಯಿಂದ ಬಂದ ಮರಾಠಿಗರೇ ಹೆಚ್ಚು. ಅವಿಭಜಿತ ದಕ್ಷಿಣ ಕನ್ನಡದಿಂದ ಹೋದವರು ಹೋಟೆಲು, ಮೀನುಗಾರಿಕೆ, ಬಂದರು, ಕಚೇರಿಗಳಲ್ಲಿ ನೆಲೆ ಕಂಡುಕೊಂಡರು. ಇವರಲ್ಲಿ ಹೋಟೆಲಿನವರ ಸ್ಥಿತಿ ವಿಲಕ್ಷಣವಾದದ್ದು. ಊರಿಗೆಲ್ಲ ರಜೆಯಾದ ದಿನವೇ ಹೋಟೆಲಿಗೆ ದುಪ್ಪಟ್ಟು ಕೆಲಸ. ರಾಣಿಬಾಗಿನಿಂದಲೋ ಚೌಪಾಟಿಯಿಂದಲೋ ದಣಿದು ಬಂದ ಕುಟುಂಬಕ್ಕೆ ಇಡ್ಲಿ, ದೋಸೆ, ಕಾಪಿಯನ್ನು ಕಡಿಮೆ ಬೆಲೆಗೆ ಕೊಟ್ಟು ಅವರ ವಿಹಾರವನ್ನು ಅಗ್ಗವಾಗಿ ಮುಗಿಸಿಕೊಟ್ಟವರು ಈ ಉಡುಪಿ ಹೋಟೆಲಿನವರು. ಮಾಟುಂಗದಲ್ಲಿ ೧೯೪೨ರಲ್ಲಿ ಆರಂಭವಾದ ರಾಮಾ ನಾಯಕರ ಊಟದ ಮನೆಯಂಥವು ಈ ಬಗೆಯ ಮಿತವೆಚ್ಚದ ಊಟಕ್ಕೆ ಹೆಸರಾದವು. ಆದರೆ ಇಂತಹ ಹೋಟೆಲುಗಳ ಮೇಜು ಒರೆಸುತ್ತಿದ್ದವರಲ್ಲಿ, ನೀರಿನ ಲೋಟ ತಂದಿಡುತ್ತಿದ್ದವರಲ್ಲಿ ಎಷ್ಟೋ ಮಂದಿ ಹತ್ತು ಹನ್ನೆರಡು ವರ್ಷದ ಹುಡುಗರು. ಮೇಜಿನ ಈಚೆ ತಂದೆಯ ಪಕ್ಕದಲ್ಲಿ ಕುಳಿತು ದೋಸೆ ತಿನ್ನುವ ಮಗು, ಆಚೆ ಅದೇ ವಯಸ್ಸಿನ, ತಂದೆ ತಾಯಿ ಐದುನೂರು ಮೈಲಿ ದೂರದ ಊರಿನಲ್ಲಿರುವ ಇನ್ನೊಂದು ಮಗು. ಮುಂಬಯಿಯ ಕುಟುಂಬವಿಹಾರದ ಚರಿತ್ರೆಯನ್ನು ಕನ್ನಡದಲ್ಲಿ ಬರೆಯುವವರು ಈ ಎರಡನೆಯ ಮಗುವನ್ನು ಬಿಟ್ಟು ಬರೆಯಲಾಗದು.

೧೯೩೯ರ ಮುಂಬಯಿ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ, ಅದರ ಜಾಗದಲ್ಲಿ ಬಂದ ೧೯೪೮ರ ಕಾಯಿದೆ ಇವು ಗಿರಣಿಯ ಗೋಡೆಯ ಹೊರಗಿನವರ ಕೆಲಸದ ಹೊತ್ತನ್ನೂ ಬಿಡುವನ್ನೂ ಕಾನೂನಿನ ಕಟ್ಟಿಗೆ ತಂದವು. ಹೋಟೆಲಿನ ಕೆಲಸಗಾರರಿಗೆ ವಾರಕ್ಕೊಂದು ದಿನದ ರಜೆ ಸಲ್ಲಬೇಕೆಂದು ೧೯೪೮ರ ಕಾಯಿದೆ ವಿಧಿಸಿತು. ಆದರೆ ಆ ರಜೆ ಸರದಿಯದು. ಒಬ್ಬನಿಗೆ ಮಂಗಳವಾರ, ಇನ್ನೊಬ್ಬನಿಗೆ ಗುರುವಾರ. ಸಂಸಾರವನ್ನು ಮುಂಬಯಿಗೆ ತಂದುಕೊಂಡವನಿಗೂ ತನ್ನ ರಜೆಯ ದಿನ ಮಕ್ಕಳಿಗೆ ಶಾಲೆಯಿರುತ್ತಿತ್ತು. ಗಿರಣಿಯ ಮನೆಗೆ ೧೮೯೦ರಲ್ಲಿ ದೊರೆತ ಸೌಲಭ್ಯ, ಮನೆಮಂದಿಗೆಲ್ಲ ಒಂದೇ ದಿನದ ಬಿಡುವು, ಹೋಟೆಲಿನ ಮನೆಗೆ ಕೊನೆಗೂ ಪೂರ್ತಿಯಾಗಿ ದೊರೆಯಲಿಲ್ಲ. ಹದಿನಾಲ್ಕು ವರ್ಷದೊಳಗಿನವರನ್ನು ಹೋಟೆಲು, ಢಾಬಾಗಳಲ್ಲಿ ದುಡಿಸುವುದನ್ನು ನಿಷೇಧಿಸಿದ ಆಜ್ಞೆ ಜಾರಿಗೆ ಬಂದದ್ದಂತೂ ೨೦೦೬ರ ಅಕ್ಟೋಬರ್‌ ೧೦ರಂದು.

ದಾರಿಯ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ೧೮೭೪ರ ಮೇ ೯ರಂದು ಕುದುರೆ ಎಳೆಯುವ ಟ್ರಾಮು ಓಡತೊಡಗಿದಾಗ ಕೊಲಾಬದಿಂದ ಪಾಯಧುನಿಯವರೆಗೆ ಮೂರಾಣೆಯಿದ್ದ ದರ ಬೇಗನೆ ಎರಡಾಣೆಗೆ ಇಳಿಯಿತು. ೧೯೦೭ರಲ್ಲಿ ವಿದ್ಯುತ್‌ ಟ್ರಾಮು, ೧೯೨೬ರಲ್ಲಿ ಬಸ್ಸು ಬಂದವು. ಕೊನೆಯ ಟ್ರಾಮು ೧೯೬೪ರ ಮಾರ್ಚ್‌ ೩೧ರ ರಾತ್ರಿ ಬೋರಿಬಂದರದಿಂದ ದಾದರಿಗೆ ಹೋಯಿತು. ಟ್ರಾಮಿನ ವೇಗ ಕಡಿಮೆ; ಹತ್ತುವುದು ಇಳಿಯುವುದು ಸುಲಭ. ಕಂಕುಳಲ್ಲಿ ಕೂಸು, ಕೈಯಲ್ಲಿ ಬುತ್ತಿಯ ಗಂಟು ಹಿಡಿದ ಹೆಂಗಸಿಗೆ ಅದು ಎಷ್ಟು ಅನುಕೂಲದ್ದೆಂಬುದು ಇಂದಿನ ಉಪನಗರ ರೈಲಿನ ನೂಕುನುಗ್ಗಲನ್ನು ಕಂಡವರಿಗೆ ತಿಳಿದೀತು. ರೈಲಿನಲ್ಲಿ ಐದು ವರ್ಷದೊಳಗಿನ ಮಗುವಿಗೆ ಟಿಕೇಟಿಲ್ಲ, ಹನ್ನೆರಡರವರೆಗೆ ಅರ್ಧ. ಮುಂಬಯಿಯ ಎಷ್ಟೋ ಮಕ್ಕಳಿಗೆ ನಾಲ್ಕು ತುಂಬಿದ ಮೇಲೆ ಐದು ತುಂಬಲು ಎರಡು ಮೂರು ವರ್ಷ ಹಿಡಿಯುತ್ತಿದ್ದುದು ಈ ನಿಯಮದ ದೆಸೆಯಿಂದಲೇ. ಬಸ್ಸಿನ ಕನಿಷ್ಠ ದರ ೨೦೧೯ರ ಜುಲೈನಲ್ಲಿ ಎಂಟರಿಂದ ಐದು ರೂಪಾಯಿಗೆ ಇಳಿದು, ೨೦೨೫ರ ಮೇ ತಿಂಗಳಲ್ಲಿ ಹತ್ತಕ್ಕೆ ಏರಿತು. ನಾಲ್ವರು ದೊಡ್ಡವರು ಐದು ಕಿಲೋಮೀಟರಿನೊಳಗೆ ಹೋಗಿ ಬರುವುದಕ್ಕೆ ನಲವತ್ತು ರೂಪಾಯಿ ಸಾಕಾಗುತ್ತಿದ್ದುದು ಎಂಬತ್ತಾಯಿತು.

ದಾರಿ ದುಬಾರಿಯಾಗುವುದಕ್ಕೆ ದರ ಏರಲೇಬೇಕೆಂದಿಲ್ಲ. ತಲುಪಬೇಕಾದ ಸ್ಥಳವೇ ದೂರ ಸರಿದರೂ ಸಾಕು. ಮದರಾಸಿನ ಉದಾಹರಣೆಯನ್ನು ನೋಡಬಹುದು. ಅಲ್ಲಿಯ ವಸ್ತುಸಂಗ್ರಹಾಲಯದ ಮುಖ್ಯಸ್ಥರಾಗಿದ್ದ ಎಡ್ವರ್ಡ್‌ ಬಾಲ್‌ಫೋರ್‌ ೧೮೫೫ರಲ್ಲಿ ಎಗ್ಮೋರಿನಲ್ಲಿ ಆರಂಭಿಸಿದ ಪ್ರಾಣಿಸಂಗ್ರಹ ೧೮೬೩ರಲ್ಲಿ ಸೆಂಟ್ರಲ್‌ ನಿಲ್ದಾಣದ ಬಳಿಯ ಪೀಪಲ್ಸ್‌ ಪಾರ್ಕಿಗೆ ಬಂದಿತು. ನಗರದ ನಡುವಿದ್ದ ಅದನ್ನು ೧೯೮೫ರಲ್ಲಿ ಸುಮಾರು ಮೂವತ್ತು ಕಿಲೋಮೀಟರು ಆಚೆಯ ವಂಡಲೂರಿಗೆ ಸಾಗಿಸಲಾಯಿತು. ಪುಣೆಯಲ್ಲಿ ಪರ್ವತಿಯ ಬುಡದ ಪೇಶವೆ ಪಾರ್ಕಿನ ಪ್ರಾಣಿಗಳು ಕಾತ್ರಜಕ್ಕೆ ಹೋದವು; ‘ಫುಲರಾಣಿ’ ಎಂಬ ಪುಟ್ಟ ರೈಲು ಮಾತ್ರ ಹಳೆಯ ಜಾಗದಲ್ಲಿ ಉಳಿಯಿತು. ಇಕ್ಕಟ್ಟಿನ ಬೋನುಗಳಲ್ಲಿ ಸೊರಗುತ್ತಿದ್ದ ಪ್ರಾಣಿಗಳಿಗೆ ಇದರಿಂದ ಒಳ್ಳೆಯದೇ ಆಯಿತು, ಅದನ್ನು ಅಲ್ಲಗಳೆಯುವುದು ಸಲ್ಲದು. ಆದರೆ ನಡೆದು ತಲುಪಬಹುದಾಗಿದ್ದ ಒಂದು ಮಧ್ಯಾಹ್ನದ ವಿಹಾರ ಇಡೀ ದಿನದ, ಎರಡು ಮೂರು ಬಸ್ಸುಗಳ ಪ್ರಯಾಣವಾಗಿ ಬದಲಾದ ಸಂಗತಿಯೂ ಚರಿತ್ರೆಯಲ್ಲಿ ದಾಖಲಾಗಬೇಕಾದದ್ದೇ.

ಮುಂಬಯಿಯ ಪ್ರಾಣಿಸಂಗ್ರಹ ಹಾಗೆ ದೂರ ಸರಿಯಲಿಲ್ಲ. ಅದು ಬೈಕಳಾದಲ್ಲಿ, ಗಿರಣಗಾವಿನ ಮಗ್ಗುಲಲ್ಲಿಯೇ ಉಳಿಯಿತು. ಆದ್ದರಿಂದ ಬಾಗಿಲಿನ ಪ್ರಶ್ನೆಯನ್ನು ವಿಚಾರಿಸಲು ಅದಕ್ಕಿಂತ ತಕ್ಕ ಉದಾಹರಣೆ ಸಿಗಲಾರದು. ಪಶ್ಚಿಮ ಭಾರತದ ಕೃಷಿ ಮತ್ತು ತೋಟಗಾರಿಕೆ ಸಂಘದ ತೋಟ ಮೊದಲು ಶಿವಡಿಯಲ್ಲಿತ್ತು. ಆ ಜಾಗ ಸ್ಮಶಾನಕ್ಕೆ ಬೇಕಾದ್ದರಿಂದ ಬೈಕಳಾದಲ್ಲಿ ಹೊಸ ತೋಟವನ್ನು ಎಬ್ಬಿಸಿ ೧೮೬೨ರ ನವೆಂಬರ್‌ ೧೯ರಂದು ವಿಕ್ಟೋರಿಯಾ ಗಾರ್ಡನ್ಸ್‌ ಎಂಬ ಹೆಸರಿನಿಂದ ತೆರೆಯಲಾಯಿತು. ೧೮೭೨ರಲ್ಲಿ ಅದರ ಆವರಣಕ್ಕೆ ಹೊಂದಿಕೊಂಡ ವಸ್ತುಸಂಗ್ರಹಾಲಯ ತೆರೆಯಿತು. ೧೮೭೩ರಲ್ಲಿ ತೋಟ ನಗರಸಭೆಯ ಕೈಗೆ ಬಂದಿತು. ೧೮೯೦ರಲ್ಲಿ ಹದಿನೈದು ಎಕರೆ ಹೆಚ್ಚುವರಿ ಜಾಗದಲ್ಲಿ ಪ್ರಾಣಿಸಂಗ್ರಹ ಸೇರಿತು. ಗಿರಣಿಗೆ ರವಿವಾರದ ರಜೆ ದೊರೆತ ವರ್ಷವೂ ಅದೇ ೧೮೯೦ ಎಂಬುದು ಕಾಕತಾಳೀಯವೇ ಸರಿ. ಆದರೂ ಕೆಲಸಗಾರನಿಗೆ ಬಿಡುವು ದೊರೆತ ವರ್ಷವೇ ಅವನ ಚಾಳಿನ ಸಮೀಪದಲ್ಲಿ ಮಕ್ಕಳಿಗೆ ತೋರಿಸಲು ಹುಲಿ ಕರಡಿಗಳು ಬಂದವು ಎಂಬುದನ್ನು ಗಮನಿಸದೆ ಇರಲಾಗದು. ವಿಕ್ಟೋರಿಯಾ ರಾಣಿಯ ಹೆಸರಿನ ತೋಟವನ್ನು ಜನ ರಾಣಿಬಾಗ್‌ ಎಂದು ಕರೆದರು. ಮುಂದೆ ಅದಕ್ಕೆ ವೀರಮಾತಾ ಜೀಜಾಬಾಯಿ ಭೋಸಲೆ ಉದ್ಯಾನವೆಂಬ ಹೆಸರು ಬಂದರೂ, ೧೯೭೫ರಲ್ಲಿ ವಸ್ತುಸಂಗ್ರಹಾಲಯಕ್ಕೆ ಡಾ. ಭಾವು ದಾಜಿ ಲಾಡ್‌ ಅವರ ಹೆಸರಿಟ್ಟರೂ, ಮಕ್ಕಳ ಬಾಯಲ್ಲಿ ಉಳಿದದ್ದು ರಾಣಿಬಾಗೇ.

ಆ ವಸ್ತುಸಂಗ್ರಹಾಲಯದ ಪಕ್ಕದಲ್ಲಿ ಕಲ್ಲಿನ ಆನೆಯೊಂದು ನಿಂತಿದೆ. ಘಾರಾಪುರಿ ದ್ವೀಪದಲ್ಲಿದ್ದ, ಪೋರ್ಚುಗೀಸರು ದ್ವೀಪಕ್ಕೆ ಎಲಿಫಂಟಾ ಎಂಬ ಹೆಸರಿಡಲು ಕಾರಣವಾದ ಆನೆಯೇ ಇದು. ೧೮೬೪ರಲ್ಲಿ ಇಂಗ್ಲೆಂಡಿಗೆ ಸಾಗಿಸಲು ಹೋಗಿ ಒಡೆದ ಅದರ ತುಂಡುಗಳನ್ನು ತಂದಿರಿಸಿ ೧೯೧೪ರಲ್ಲಿ ಮತ್ತೆ ಜೋಡಿಸಿದರು. ಗೇಟ್‌ವೇಯಿಂದ ದ್ವೀಪಕ್ಕೆ ಹೋಗುವ ದೋಣಿಯ ದರವನ್ನು ಭರಿಸಲಾಗದ ಮನೆಯ ಮಕ್ಕಳು ಎಲಿಫಂಟಾದ ಆನೆಯನ್ನು ಕಂಡದ್ದು ಹೀಗೆ, ಬೈಕಳಾದಲ್ಲಿ.

ಬಿ.ಡಿ.ಡಿ. ಚಾಳುಗಳ ಒಂದು ಖೋಲಿಯ ವಿಸ್ತಾರ ೧೬೦ ಚದರಡಿ. ಅಲ್ಲಿ ಗಂಡ, ಹೆಂಡತಿ, ಮಕ್ಕಳು ಮಾತ್ರವಲ್ಲದೆ ಊರಿನಿಂದ ಕೆಲಸ ಹುಡುಕಿ ಬಂದ ಮೈದುನ, ಓದಲು ಬಂದ ಅಕ್ಕನ ಮಗ, ಬಾಣಂತನಕ್ಕೆ ಬಂದ ಅತ್ತೆ ಇವರೂ ಇರುತ್ತಿದ್ದರು. ಇಂತಹ ಮನೆಯವರಿಗೆ ತೋಟವೆಂಬುದು ನೋಟಕ್ಕಿಂತ ಹೆಚ್ಚಾಗಿ ಜಾಗ. ಮಗು ಯಾರ ಕಾಲಿಗೂ ಎಡವದೆ ಓಡಬಹುದಾದ ಜಾಗ. ೧೯೫೨ರಲ್ಲಿ ಮಲಬಾರ್‌ ಹಿಲ್ಲಿನ ಮೇಲೆ ತೆರೆದ ಕಮಲಾ ನೆಹರೂ ಪಾರ್ಕಿನಲ್ಲಿ ಬೂಟಿನ ಆಕಾರದ ಒಂದು ಮನೆಯಿದೆ. ಲೆಕ್ಕವಿಲ್ಲದಷ್ಟು ಮಕ್ಕಳೊಂದಿಗೆ ಬೂಟಿನೊಳಗೆ ವಾಸಿಸುತ್ತಿದ್ದ ಇಂಗ್ಲಿಷ್‌ ಶಿಶುಪ್ರಾಸದ ಮುದುಕಿಯ ಮನೆ ಅದು. ಚಾಳಿನ ಮಕ್ಕಳು ಅದನ್ನು ಏರಿ ಇಳಿದು ನಲಿದರು. ಆ ಮುದುಕಿಯ ವಸತಿಸಮಸ್ಯೆ ಅವರಿಗೆ ಹೊಸದಾಗಿ ತೋರಿರಲಾರದು. ಎದುರಿಗೇ ಇರುವ, ೧೮೮೧ರಲ್ಲಿ ನೀರಿನ ಜಲಾಶಯದ ಮೇಲೆ ಬೆಳೆಸಿದ ಹ್ಯಾಂಗಿಂಗ್‌ ಗಾರ್ಡನ್‌, ಕೆಳಗಿನ ಚೌಪಾಟಿ ಇವು ಸೇರಿ ಒಂದೇ ಹಗಲಿನಲ್ಲಿ ಮುಗಿಸಬಹುದಾದ, ಬಸ್ಸಿನ ದರವೊಂದನ್ನು ಬಿಟ್ಟರೆ ಖರ್ಚಿಲ್ಲದ ಸಂಚಾರವೊಂದು ಏರ್ಪಟ್ಟಿತು.

ಖರ್ಚಿಲ್ಲದ ಎಂಬ ಮಾತನ್ನು ಸ್ವಲ್ಪ ಎಚ್ಚರದಿಂದ ಬಳಸಬೇಕು. ಹೊರಗೆ ಕೊಂಡು ತಿನ್ನಬಾರದೆಂದರೆ ಮನೆಯಿಂದ ಕಟ್ಟಿಕೊಂಡು ಹೋಗಬೇಕು. ಹತ್ತು ಮಂದಿಯ ಚಪಾತಿ, ಚಿತ್ರಾನ್ನ, ಕೂಸಿಗೆ ಹಾಲು, ಬದಲಿಸುವ ಬಟ್ಟೆ, ಕುಡಿಯುವ ನೀರು ಇವನ್ನೆಲ್ಲ ನಸುಕಿನ ನಾಲ್ಕು ಗಂಟೆಗೆ ಎದ್ದು, ನೀರು ಬರುವ ಹೊತ್ತು ನೋಡಿಕೊಂಡು ಸಿದ್ಧಪಡಿಸುತ್ತಿದ್ದವಳು ಮನೆಯ ಹೆಂಗಸು. ಗಂಡಸರಿಗೆ ರಜೆಯಾದ ದಿನ ಅವಳಿಗೆ ಕೆಲಸ ಹೆಚ್ಚು. ಲೋಖಂಡೆಯವರ ಹೋರಾಟದಿಂದ ಗಿರಣಿಯ ಹೆಂಗಸಿಗೆ ದೊರೆತ ರಜೆ ಗಿರಣಿಯ ಕೆಲಸದಿಂದ ಮಾತ್ರ ದೊರೆತದ್ದು. ಸಾರ್ವಜನಿಕ ತೋಟಗಳಲ್ಲಿ ಶೌಚದ ವ್ಯವಸ್ಥೆ, ಕುಡಿಯುವ ನೀರು, ನೆರಳಿನಲ್ಲಿ ಕುಳಿತು ಮಗುವಿಗೆ ಹಾಲೂಡುವ ಸ್ಥಳ ಇವು ಇದ್ದವೇ ಇಲ್ಲವೇ ಎಂಬುದರ ಮೇಲೆ ಅವಳು ಅಲ್ಲಿಗೆ ಬರಬಲ್ಲಳೇ ಇಲ್ಲವೇ ಎಂಬುದು ನಿಂತಿತ್ತು. ನಗರಸಭೆಯ ವರದಿಗಳನ್ನು ಓದುವವರು ಗಿಡಮರಗಳ ಪಟ್ಟಿಯೊಂದಿಗೆ ನಲ್ಲಿಗಳ ಲೆಕ್ಕವನ್ನೂ ನೋಡಿದರೆ ಒಳ್ಳೆಯದು.

ರಾಣಿಬಾಗಿನ ಪ್ರವೇಶಶುಲ್ಕ ೨೦೧೭ರವರೆಗೆ ದೊಡ್ಡವರಿಗೆ ಐದು ರೂಪಾಯಿ, ಮಕ್ಕಳಿಗೆ ಎರಡು ರೂಪಾಯಿ ಇತ್ತು. ೨೦೧೬ರಲ್ಲಿ ಹಂಬೋಲ್ಟ್‌ ಪೆಂಗ್ವಿನ್‌ಗಳನ್ನು ತರಿಸಿ ೨೦೧೭ರ ಮಾರ್ಚ್‌ ತಿಂಗಳಿನಲ್ಲಿ ಸಾರ್ವಜನಿಕರಿಗೆ ತೋರಿಸಲಾರಂಭಿಸಿದ ಮೇಲೆ, ಅದೇ ವರ್ಷದ ಆಗಸ್ಟ್‌ನಿಂದ ದರವನ್ನು ಏರಿಸಲಾಯಿತು. ಹನ್ನೆರಡು ದಾಟಿದವರಿಗೆ ಐವತ್ತು ರೂಪಾಯಿ. ಮೂರರಿಂದ ಹನ್ನೆರಡು ವರ್ಷದವರಿಗೆ ಇಪ್ಪತ್ತೈದು. ತಂದೆ, ತಾಯಿ, ಇಬ್ಬರು ಮಕ್ಕಳ ಕುಟುಂಬಕ್ಕೆ ಒಟ್ಟಾಗಿ ನೂರು. ಶೀತಲ ಕೋಣೆಯ ನಿರ್ವಹಣೆಗೆ ಹಣ ಬೇಕು, ಐದು ರೂಪಾಯಿಯಲ್ಲಿ ಯಾವ ತೋಟವೂ ನಡೆಯದು ಎಂಬ ವಾದದಲ್ಲಿ ತಿರುಳಿಲ್ಲವೆನ್ನಲಾಗದು. ಸಿನಿಮಾ ಮಂದಿರದ ಒಂದು ಟಿಕೇಟಿಗೆ ಹೋಲಿಸಿದರೆ ನೂರು ರೂಪಾಯಿ ಹೆಚ್ಚಲ್ಲ ಎಂಬ ಮಾತೂ ಕೇಳಿಬರುತ್ತದೆ. ಆದರೆ ಈ ಹೋಲಿಕೆಯೇ ತಪ್ಪೆಂದು ನನ್ನ ಅಭಿಪ್ರಾಯ. ೧೮೭೩ರಿಂದ ಆ ತೋಟ ನಗರಸಭೆಯದು. ಅದನ್ನು ಹೋಲಿಸಬೇಕಾದದ್ದು ರಸ್ತೆಯೊಂದಿಗೆ, ಕೆರೆಕಟ್ಟೆಯೊಂದಿಗೆ, ವಾಚನಾಲಯದೊಂದಿಗೆ.

ದರಕ್ಕಿಂತ ಹೆಚ್ಚು ವಿಚಾರಾರ್ಹವಾದದ್ದು ಆ ದರಪಟ್ಟಿಯಲ್ಲಿ ಅಡಗಿರುವ ಕುಟುಂಬದ ಕಲ್ಪನೆ. ಮೇಲೆ ಹೇಳಿದ ಖೋಲಿಯಿಂದ ಗಂಡ, ಹೆಂಡತಿ, ಮೈದುನ, ನಾದಿನಿ ಮತ್ತು ಮೂರು ದಾಟಿದ, ಹನ್ನೆರಡರೊಳಗಿನ ಮೂವರು ಮಕ್ಕಳು ಹೊರಟರೆನ್ನೋಣ. ಹಳೆಯ ದರದಲ್ಲಿ ಇವರೆಲ್ಲರ ಪ್ರವೇಶಕ್ಕೆ ಇಪ್ಪತ್ತಾರು ರೂಪಾಯಿ. ಹೊಸ ದರದಲ್ಲಿ ನಾಲ್ವರಿಗೆ ಕುಟುಂಬದ ನೂರು, ಮೈದುನ ನಾದಿನಿಯರಿಗೆ ನೂರು, ಮೂರನೆಯ ಮಗುವಿಗೆ ಇಪ್ಪತ್ತೈದು. ಒಟ್ಟು ಇನ್ನೂರ ಇಪ್ಪತ್ತೈದು. ಎಂಟೂವರೆ ಪಟ್ಟಿಗೂ ಹೆಚ್ಚು. ಜೊತೆಗೆ, ಒಂದೇ ಒಲೆಯ ಅನ್ನ ಉಣ್ಣುವ ಏಳು ಮಂದಿಯಲ್ಲಿ ನಾಲ್ವರು ಮಾತ್ರ ಕುಟುಂಬವೆಂದೂ ಉಳಿದವರು ಬಿಡಿ ಸಂದರ್ಶಕರೆಂದೂ ಬಾಗಿಲಲ್ಲಿ ವಿಂಗಡಣೆಯಾಯಿತು. ವಲಸೆ ಬಂದವರ ಮನೆಗಳು ಹೇಗಿರುತ್ತವೆಂಬುದನ್ನು ಬಲ್ಲ ಊರಿನಲ್ಲಿ ಇಂತಹ ಎಣಿಕೆ ಆಶ್ಚರ್ಯವನ್ನುಂಟುಮಾಡುತ್ತದೆ.

ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ನಿಯಮ ಇದಕ್ಕಿಂತ ಭಿನ್ನವಾದದ್ದು. ಅದರ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿಲ್ಲ, ಅವರು ಎಷ್ಟು ಮಂದಿಯೇ ಇರಲಿ. ೨೦೧೬ರ ಏಪ್ರಿಲ್‌ನಲ್ಲಿ ಮೊದಲ ವರ್ಗದ ಸ್ಮಾರಕಗಳ ದರ ಹತ್ತರಿಂದ ಮೂವತ್ತಕ್ಕೂ ಎರಡನೆಯ ವರ್ಗದ್ದು ಐದರಿಂದ ಹದಿನೈದಕ್ಕೂ ಏರಿದಾಗಲೂ, ಆಮೇಲೆ ಮತ್ತೆ ಏರಿದಾಗಲೂ ಈ ರಿಯಾಯಿತಿ ಉಳಿಯಿತು. ಹೈದರಾಬಾದಿನ ಗೋಲ್ಕೊಂಡ, ಪುಣೆಯ ಶನಿವಾರವಾಡೆ, ದೆಹಲಿಯ ಕೆಂಪುಕೋಟೆ, ಮುಂಬಯಿಯ ಕಾನ್ಹೇರಿ ಗುಹೆಗಳು ಹೀಗೆ ಹೊರನಾಡ ಕನ್ನಡಿಗರಿರುವ ಬಹುತೇಕ ನಗರಗಳಲ್ಲಿ ಇದರ ಪ್ರಯೋಜನ ಪಡೆಯಬಹುದು. ಆದರೆ ಇಲ್ಲಿಯೂ ಬಾಗಿಲೊಂದೇ ಸಾಲದು. ಘಾರಾಪುರಿಯಲ್ಲಿ ಬಾಗಿಲಿನ ದರಕ್ಕಿಂತ ದೋಣಿಯದೇ ಹೆಚ್ಚು. ೧೯೮೨ರ ಜನವರಿ ೧೮ರಂದು ಆರಂಭವಾದ ಗಿರಣಿ ಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಮುಚ್ಚಿ, ಅಲ್ಲಿದ್ದವರು ಕಾವಲು, ಬಿಡಿಗೂಲಿ, ತಳ್ಳುಗಾಡಿಗಳ ದುಡಿಮೆಗೆ ಇಳಿದಾಗ, ಬಾಗಿಲೂ ದಾರಿಯೂ ಇದ್ದಂತೆಯೇ ಇದ್ದು ರವಿವಾರವೇ ಇಲ್ಲವಾಯಿತು. ಇಂದು ಮನೆಮನೆಗೆ ಊಟದ ಪೊಟ್ಟಣ ಮುಟ್ಟಿಸುವ ಹುಡುಗರಿಗೆ ರವಿವಾರವೇ ಹೆಚ್ಚು ಗಳಿಕೆಯ ದಿನ; ಹಳೆಯ ಹೋಟೆಲು ಕೆಲಸಗಾರನ ಸ್ಥಿತಿ ಈಗ ಅವರದಾಗಿದೆ.

ಈ ವಿಷಯದ ಅಧ್ಯಯನಕ್ಕೆ ಕನ್ನಡದಲ್ಲಿ ಆಕರಗಳು ಇಲ್ಲದಿಲ್ಲ. ಯಶವಂತ ಚಿತ್ತಾಲ, ವ್ಯಾಸರಾಯ ಬಲ್ಲಾಳ, ಜಯಂತ ಕಾಯ್ಕಿಣಿ ಅವರ ಮುಂಬಯಿ ಕಥನಗಳನ್ನು ಮನುಷ್ಯನ ಒಂಟಿತನದ ದೃಷ್ಟಿಯಿಂದ ಓದಿದ್ದಾಗಿದೆ. ಅವುಗಳಲ್ಲಿ ರಜೆಯ ದಿನ ಹೇಗೆ ಬರುತ್ತದೆ, ಮಕ್ಕಳು ಎಲ್ಲಿ ಆಡುತ್ತಾರೆ ಎಂದು ಮತ್ತೊಮ್ಮೆ ಓದಬಹುದು. ೧೯೦೨ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿಯಿಂದ ಮೊದಲುಗೊಂಡು ಮುಂಬಯಿಯ ಕನ್ನಡ, ತುಳು ಸಂಘಗಳ ವಾರ್ಷಿಕ ವರದಿಗಳಲ್ಲಿ, ಸ್ಮರಣ ಸಂಚಿಕೆಗಳಲ್ಲಿ ವಿಹಾರಕೂಟಗಳ ಸುದ್ದಿ, ತಲೆಗೆ ಇಷ್ಟೆಂಬ ವಂತಿಗೆ, ಛಾಯಾಚಿತ್ರಗಳು ಸಿಗಬಹುದು. ಎಲ್ಲಕ್ಕಿಂತ ಮುಖ್ಯವಾದ ಆಕರ ಮಾತ್ರ ಕಾಗದದ ಮೇಲಿಲ್ಲ. ೧೯೫೦, ೬೦ರ ದಶಕಗಳಲ್ಲಿ ಹಗಲು ಹೋಟೆಲಿನಲ್ಲಿ ದುಡಿದು ಇರುಳು ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತ ಹುಡುಗರು ಈಗ ಎಪ್ಪತ್ತು ಎಂಬತ್ತು ದಾಟಿದ್ದಾರೆ. ವಾರದ ಆ ಒಂದು ಸರದಿಯ ರಜೆಯಲ್ಲಿ, ಮಂಗಳವಾರವೋ ಗುರುವಾರವೋ, ಜೊತೆಗೆ ತಂದೆ ತಾಯಿಯಿಲ್ಲದೆ, ಅವರು ಎಲ್ಲಿಗೆ ಹೋಗುತ್ತಿದ್ದರು, ಯಾರೊಡನೆ ಹೋಗುತ್ತಿದ್ದರು, ಕೈಯಲ್ಲಿ ಎಷ್ಟು ಕಾಸಿರುತ್ತಿತ್ತು ಎಂಬುದನ್ನು ಅವರಿಂದಲೇ ಕೇಳಿ ಬರೆದುಕೊಳ್ಳುವ ಕೆಲಸ ತುರ್ತಾಗಿ ಆಗಬೇಕಾಗಿದೆ. ಮುಂಬಯಿಯಲ್ಲಿಯೇ ಇರುವ ಸಂಶೋಧನ ವಿದ್ಯಾರ್ಥಿಗಳು ಮಾಟುಂಗ, ಫೋರ್ಟ್‌, ದಾದರಗಳಿಂದ ಇದನ್ನು ಆರಂಭಿಸಬಹುದು.